ಕರ್ಣನ ಕವಚ ಮತ್ತು ಮೊಬೈಲಿನ ಆಟ

ಚೆಂಡುಹೂವಿನ ಕೊಯ್ಲಿನ ದಿನಗಳಲ್ಲಿ ನಮ್ಮ ಗುಂಡ್ಲುಪೇಟೆ ಕಡೆಯ ರೈತರಿಗೆ ಶಾಲೆಯತ್ತ ಬರಲು ಬಿಡುವಿರುವುದಿಲ್ಲ. ಆದರೂ ಒಂದು ಬೆಳಿಗ್ಗೆ ಒಬ್ಬ ತಂದೆ ಮಗನನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಬಂದರು. "ನೋಡಿ ಮೇಷ್ಟ್ರೇ, ಗೊಬ್ಬರಕ್ಕೆ ಇಟ್ಟಿದ್ದ ದುಡ್ಡಲ್ಲಿ ಎಂಟುನೂರು ರೂಪಾಯಿ ಕೊಟ್ಟು ಮೊಬೈಲಿನೊಳಗೆ ಅಂಗಿ ಕೊಂಡಿದ್ದಾನೆ. ತೊಡೋಕೂ ಬರಲ್ಲ, ಹೊದೆಯೋಕೂ ಬರಲ್ಲ!" ಹುಡುಗ ತಲೆ ತಗ್ಗಿಸಿಯೇ ಹೇಳಿದ: "ಅಂಗಿ ಅಲ್ಲ ಸಾರ್, ಕವಚ. ಅದಿಲ್ಲದಿದ್ರೆ ಮೊದಲನೇ ನಿಮಿಷಕ್ಕೇ ಸಾಯ್ತೀವಿ. ದುಡ್ಡಿರೋರೇ ಗೆಲ್ಲೋದು."

ತಂದೆಯ ಸಿಟ್ಟು ನ್ಯಾಯವಾದದ್ದೇ. ಆದರೆ ಮಗನ ಕೊನೆಯ ಮಾತಿನಲ್ಲೂ ನ್ಯಾಯವಾದ ಒಂದು ದೂರಿತ್ತು.

ಈ ಸಮಸ್ಯೆ ನಮಗೆ ಹೊಸದೇನಲ್ಲ. ಮಹಾಭಾರತದ ಕರ್ಣ ಹುಟ್ಟುವಾಗಲೇ ಕವಚ ತೊಟ್ಟು ಬಂದವನು. ಅದು ಮೈಮೇಲಿರುವಷ್ಟು ಕಾಲ ಅವನನ್ನು ಗೆಲ್ಲುವವರಿಲ್ಲ. ಆದ್ದರಿಂದಲೇ ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದು ಅದನ್ನು ದಾನವಾಗಿ ಪಡೆದ. ಬದಲಿಗೆ ಒಮ್ಮೆ ಮಾತ್ರ ಬಳಸಬಹುದಾದ ಶಕ್ತ್ಯಾಯುಧವನ್ನು ಕೊಟ್ಟ. ಒಂದು ಬಲವನ್ನು ಕಳೆದು ಇನ್ನೊಂದನ್ನು ಕೂಡಿಸಿದ ಈ ಲೆಕ್ಕಾಚಾರವನ್ನೇ ಇಂದಿನ ಆಟ ರಚಿಸುವವರು ಪ್ರತಿದಿನ ಮಾಡುತ್ತಾರೆ.

ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡೋಣ. ಆಟದ ವೀರನಿಗೆ 100 ಪ್ರಾಣಾಂಕ. ಪ್ರತಿ ಏಟಿಗೆ 10 ನಷ್ಟ. ಕವಚವಿಲ್ಲದೆ ಅವನು 10 ಏಟಿಗೆ ಬೀಳುತ್ತಾನೆ. ಏಟನ್ನು ಶೇಕಡ 50 ತಗ್ಗಿಸುವ ಕವಚ ತೊಟ್ಟರೆ 20 ಏಟು. ಶೇಕಡ 90 ತಗ್ಗಿಸಿದರೆ 100 ಏಟು. ಶೇಕಡ 95 ಆದರೆ? 200! ಮೊದಲ 50 ಅಂಶ ಕೊಟ್ಟದ್ದು 10 ಏಟಿನ ಲಾಭ. 90ರ ನಂತರದ ಬರೀ 5 ಅಂಶ ಕೊಟ್ಟದ್ದು 100 ಏಟಿನ ಲಾಭ. ಎದುರಾಳಿ ಎಷ್ಟೇ ಚುರುಕಾಗಿದ್ದರೂ ಇದರ ಮುಂದೆ ನಿಲ್ಲಲಾರ.

ಇದಕ್ಕೆ ಹಲವು ಪರಿಹಾರಗಳಿವೆ. ಒಂದು, ಸೂತ್ರ ಬದಲಿಸುವುದು. ಕವಚದ ಅಂಕವನ್ನು, ಅದಕ್ಕೆ 100 ಕೂಡಿಸಿ ಬಂದ ಮೊತ್ತದಿಂದ ಭಾಗಿಸಿ. 100 ಅಂಕಕ್ಕೆ ರಕ್ಷಣೆ ಶೇಕಡ 50, 300 ಅಂಕಕ್ಕೆ ಶೇಕಡ 75. ಆಗ ಪ್ರತಿ 100 ಅಂಕಕ್ಕೆ ಸರಿಯಾಗಿ 10 ಏಟು ಮಾತ್ರ ಹೆಚ್ಚುತ್ತದೆ. ಮಕ್ಕಳು ತಾವೇ ಮಾಡಿ ನೋಡಲಿ. ಎರಡು, ಭಾರ ಹೊರಿಸುವುದು. 2011ರ 'ಡಾರ್ಕ್ ಸೋಲ್ಸ್' ಆಟದಲ್ಲಿ ಭಾರದ ಕವಚ ತೊಟ್ಟವನ ಚಲನೆ ನಿಧಾನವಾಗುತ್ತದೆ. ಮೂರು, ಅಂದವನ್ನೂ ಬಲವನ್ನೂ ಬೇರ್ಪಡಿಸುವುದು. 2004ರಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' 2011ರಿಂದ, ಒಂದು ಕವಚದ ಬಲ ಉಳಿಸಿಕೊಂಡೇ ಇನ್ನೊಂದರ ರೂಪ ತೊಡಲು ಅವಕಾಶ ಕೊಟ್ಟಿತು. ಸಿಂಗಾರ ಅವರವರ ಇಷ್ಟ. ಅದರಿಂದ ಎದುರಾಳಿಗೆ ಅನ್ಯಾಯವಿಲ್ಲ.

ಕವಚಕ್ಕೆ ಬೆಲೆ ಕಟ್ಟಿದಾಗ ತೊಡಕು ಹೆಚ್ಚುತ್ತದೆ. 2006ರಲ್ಲಿ 'ಒಬ್ಲಿವಿಯನ್' ಎಂಬ ಆಟದಲ್ಲಿ ಕುದುರೆಯ ಕವಚವನ್ನು ಸುಮಾರು ಎರಡೂವರೆ ಡಾಲರಿಗೆ ಮಾರಿದಾಗ ಆಟಗಾರರು ಗೇಲಿ ಮಾಡಿದ್ದರು. ಅದು ಒಬ್ಬನೇ ಆಡುವ ಆಟ, ಯಾರಿಗೂ ಮೋಸವಾಗಲಿಲ್ಲ. ಹತ್ತಾರು ಜನ ಸೇರಿ ಆಡುವ ಆಟದಲ್ಲಿ ಬಲವನ್ನೇ ಮಾರಿದರೆ ಅದು ಪಂದ್ಯವಲ್ಲ, ಹರಾಜು.

ನ್ಯಾಯದ ಪಂದ್ಯ ಹೇಗಿರುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ನಮ್ಮ ಚಾಮರಾಜನಗರದ ಜಟ್ಟಿಗಳೂ ಇಳಿಯುತ್ತಾರೆ. ಇಬ್ಬರದೂ ಬೋಳಿಸಿದ ತಲೆ, ಬರಿಮೈ, ಕೈಯಲ್ಲಿ ಒಂದೇ ಬಗೆಯ ಆಯುಧ. ತಲೆಯಿಂದ ರಕ್ತ ಕಂಡೊಡನೆ ಕಾಳಗ ಮುಗಿಯಿತು. ಅಲ್ಲಿ ಯಾರೂ ದುಡ್ಡು ಕೊಟ್ಟು ಕವಚ ತೊಟ್ಟು ಬರುವಂತಿಲ್ಲ.

ತಂದೆತಾಯಿಯರು ಮಕ್ಕಳನ್ನು ಬೈಯುವ ಮೊದಲು ಒಂದು ಪ್ರಶ್ನೆ ಕೇಳಲಿ: "ನೀನು ಕೊಂಡದ್ದು ಅಂದವೋ, ಬಲವೋ?" ಅಂದವಾದರೆ ಅದು ಆಸೆಯ ಖರ್ಚು, ಮನೆಯ ಶಕ್ತಿಗೆ ತಕ್ಕಂತೆ ಮಿತಿ ಹಾಕಬಹುದು. ಬಲವಾದರೆ ಆ ಆಟವನ್ನೇ ಬಿಡುವುದು ಮೇಲು. ಏಕೆಂದರೆ ನಾಳೆ ಇನ್ನೂ ದುಬಾರಿಯ ಕವಚ ಬಂದೇ ಬರುತ್ತದೆ. ಫೋನಿನಲ್ಲಿ ಖರೀದಿಗೆ ಪಾಸ್‌ವರ್ಡ್ ಇಡುವುದನ್ನೂ ಮರೆಯಬೇಡಿ.

ಆ ಎಂಟುನೂರು ಮರಳಿ ಬರಲಿಲ್ಲ. ಹುಡುಗ ರಜೆಯ ದಿನಗಳಲ್ಲಿ ತಂದೆಯೊಡನೆ ಹೂ ಕೊಯ್ದು ತೀರಿಸಿದ. ಈಚೆಗೆ ನೋಟ್‌ಬುಕ್ಕಿನಲ್ಲಿ ತಾನೇ ಒಂದು ಆಟ ಬರೆದು ತಂದಿದ್ದ. ಅದರಲ್ಲಿ ಕವಚಗಳು ಹನ್ನೆರಡು ಬಗೆ. ಎಲ್ಲಕ್ಕೂ ಬಲ ಒಂದೇ, ಬಣ್ಣ ಮಾತ್ರ ಬೇರೆ.