ಒಪೆರಾ ಹೌಸ್‌ಗೆ ಹೊಸ ಕಳೆ ಬಂತು, ನಾಟಕ ಎಲ್ಲಿ?

ಬೆಂಗಳೂರಿನ ಬ್ರಿಗೇಡ್ ರೋಡು, ರೆಸಿಡೆನ್ಸಿ ರೋಡು ಸೇರೋ ಮೂಲೆಯ ಈ ಕಟ್ಟಡ ನೋಡಿರ್ತೀರಿ. ಒಪೆರಾ ಹೌಸ್. ಬ್ರಿಟಿಷರ ಕಾಲದಲ್ಲಿ ಇಲ್ಲಿ ನಾಟಕ, ಸಂಗೀತ. ಆಮೇಲೆ ಸಿನಿಮಾ. ಆಮೇಲೆ ಬೀಗ.

ಸ್ಯಾಮ್‌ಸಂಗ್ ಕಂಪನಿ ಎರಡು ವರ್ಷ ದುರಸ್ತಿ ಮಾಡಿಸಿ 2018ರ ಸೆಪ್ಟೆಂಬರ್‌ನಲ್ಲಿ ಬಾಗಿಲು ತೆರೆಯಿತು. ಹೊರಗೆ ಅದೇ ಹಳೇ ಮುಖ. ಒಳಗೆ 33,000 ಚದರ ಅಡಿಯಲ್ಲಿ ಫೋನು, ಟಿವಿ, ವಿಆರ್ ಕನ್ನಡಕ! ಗೋಡೆ ಉಳಿಸಿದ್ದು ಸಣ್ಣ ಕೆಲಸವಲ್ಲ, ಒಪ್ಪೋಣ.

ಈಗ ತುಮಕೂರು ಜಿಲ್ಲೆಯ ನಮ್ಮ ಗುಬ್ಬಿಗೆ ಬನ್ನಿ. 1884ರಲ್ಲಿ ಇಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ಊರೂರು ಸುತ್ತಿ ಆಟ ಆಡ್ತು. 'ಕುರುಕ್ಷೇತ್ರ' ನಾಟಕಕ್ಕೆ ಸಂಘ ನಡೆಸಿದ ಗುಬ್ಬಿ ವೀರಣ್ಣನವರು ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಹೌದು, ನಿಜವಾದ ಆನೆ! ಮುತ್ತುರಾಜ ಅನ್ನೋ ಹುಡುಗ, ಅಂದ್ರೆ ನಮ್ಮ ರಾಜ್‌ಕುಮಾರ್, ಪಳಗಿದ್ದೂ ಇದೇ ಕಂಪನಿಯಲ್ಲಿ.

ರಂಗಕ್ಕೆ ಜೀವ ಬರೋದು ಆಟದಿಂದ. ಅದಕ್ಕೇ ಹೇಳೋದು: ಹಳೇ ರಂಗಮಂದಿರ ನವೀಕರಿಸಿ, ಹೊಸ ದೀಪ, ಹೊಸ ಸೌಂಡು ಎಲ್ಲಾ ಹಾಕಿ. ಆದರೆ ರಂಗವನ್ನೇ ಅಂಗಡಿ ಮಾಡಿದರೆ ಅದು ಅರ್ಧ ನವೀಕರಣ ಅಷ್ಟೆ.

ತುಮಕೂರಿನಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರ ಇದೆ. ಮುಂದಿನ ನಾಟಕಕ್ಕೆ ಮನೆಮಂದಿಯನ್ನೆಲ್ಲ ಕರ್ಕೊಂಡು ಹೋಗಿ.