ಕಚೇರಿಯ ತಂತ್ರಾಂಶಕ್ಕೆ ಬಾಡಿಗೆ ಬಂದ ಬಗೆ

ಸಾಧಾರಣವಾದ ಒಂದು ವ್ಯಾಪಾರಸಂಸ್ಥೆಯ ಲೆಕ್ಕದ ಪುಸ್ತಕವನ್ನು ಇಂದು ತೆರೆದು ನೋಡಿದವರಿಗೆ, ಕಟ್ಟಡದ ಬಾಡಿಗೆ, ವಿದ್ಯುಚ್ಛಕ್ತಿ, ದೂರವಾಣಿ ಮೊದಲಾದ ಚಿರಪರಿಚಿತ ಬಾಬುಗಳ ಪಂಕ್ತಿಯಲ್ಲಿಯೇ, ಪತ್ರ ಬರೆಯುವುದಕ್ಕೂ ಕೋಷ್ಟಕ ತುಂಬುವುದಕ್ಕೂ ಇಮೇಲ್ ಕಳುಹಿಸುವುದಕ್ಕೂ ತಲೆಗಿಷ್ಟೆಂದು ತೆರುವ ಚಂದಾಹಣವೂ ಸೇರಿಕೊಂಡಿರುವುದು ಕಾಣುತ್ತದೆ. ಒಮ್ಮೆ ಕೊಂಡರೆ ಮುಗಿಯುತ್ತಿದ್ದ ಪದಾರ್ಥಕ್ಕೆ ಈಗ ಆಜೀವ ಕಪ್ಪವನ್ನೊಪ್ಪಿಸುವ ಹಾಗಾಯಿತಲ್ಲ ಎಂದು ಹಿರಿಯ ಲೆಕ್ಕಿಗರು ಕೊರಗುವುದುಂಟು. ಆದರೆ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ, ಈ ಉದ್ಯಮದಲ್ಲಿ ಬಾಡಿಗೆಯೇ ಪೂರ್ವಪದ್ಧತಿ. ಕ್ರಯವೆಂಬುದು ನಡುವೆ ಬಂದು ಹೋದ ಪ್ರಕರಣ.

ಐಬಿಎಂ ಸಂಸ್ಥೆಯು ಬಹುಕಾಲ ತನ್ನ ಯಂತ್ರಗಳನ್ನು ಮಾರುತ್ತಲೇ ಇರಲಿಲ್ಲ, ಬಾಡಿಗೆಗೆ ಮಾತ್ರ ಕೊಡುತ್ತಿದ್ದಿತು. 1956ರಲ್ಲಿ ಅಮೆರಿಕಾ ಸರ್ಕಾರದೊಡನೆ ನ್ಯಾಯಾಲಯದ ಮೂಲಕ ಏರ್ಪಟ್ಟ ಒಡಂಬಡಿಕೆಯಿಂದಾಗಿ ಮಾರಾಟಕ್ಕೂ ಒಪ್ಪಬೇಕಾಯಿತು. ಆಗಲೂ ಯಂತ್ರದೊಡನೆ ಬರುತ್ತಿದ್ದ ತಂತ್ರಾಂಶಕ್ಕೆ ಪ್ರತ್ಯೇಕವಾದ ಬೆಲೆಯೆಂಬುದಿರಲಿಲ್ಲ. ಆ ಬೆಲೆಯನ್ನು ಬೇರ್ಪಡಿಸುವುದಾಗಿ 1969ರ ಜೂನ್ ತಿಂಗಳಲ್ಲಿ ಐಬಿಎಂ ಪ್ರಕಟಿಸಿದ ಮೇಲೆ ತಂತ್ರಾಂಶವು ತಾನೇ ಒಂದು ಸರಕಾಗುವ ದಾರಿ ತೆರೆಯಿತು. 1979ರಲ್ಲಿ ಕೋಷ್ಟಕ ತುಂಬುವ ವಿಸಿಕ್ಯಾಲ್ಕ್, 1983ರಲ್ಲಿ ಅದೇ ಜಾತಿಯ 495 ಡಾಲರಿನ ಲೋಟಸ್ 1-2-3, 1989ರಲ್ಲಿ ಮ್ಯಾಕಿಂಟಾಷಿಗೂ ಮರುವರ್ಷ ವಿಂಡೋಸಿಗೂ ಮೈಕ್ರೋಸಾಫ್ಟ್ ಆಫೀಸ್, ಹೀಗೆ ಡಬ್ಬಿಯಲ್ಲಿ ಬಂದ ಸರಕುಗಳ ಕಾಲ ಬಂದಿತು. ಡಬ್ಬಿಯನ್ನು ಕೊಂಡವನು ಅದನ್ನು ಎಷ್ಟು ವರ್ಷ ಬಳಸಿದರೂ ಕೇಳುವವರಿಲ್ಲ. ಮಾರುವವರ ಸಂಕಟಕ್ಕೆ ಮೂಲವಾದದ್ದೂ ಇದೇ: ಅವರ ಹೊಸ ಆವೃತ್ತಿಗೆ ಅತಿ ಪ್ರಬಲ ಪ್ರತಿಸ್ಪರ್ಧಿ ಅವರದೇ ಹಳೆಯ ಆವೃತ್ತಿ. 2003ರ ಆಫೀಸಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2014ರ ಏಪ್ರಿಲ್ ತಿಂಗಳಲ್ಲಿ ನಿಂತಿತಾದರೂ, ಅದನ್ನು ಆ ಕ್ಷಣವೇ ತೊರೆಯಬೇಕೆಂದು ಅನೇಕರಿಗೆ ತೋರಲಿಲ್ಲ.

1999ರಲ್ಲಿ ಸ್ಥಾಪಿತವಾದ ಸೇಲ್ಸ್‌ಫೋರ್ಸ್, ತಂತ್ರಾಂಶವನ್ನು ಅಂತರ್ಜಾಲದ ಮೂಲಕ ತಿಂಗಳ ಬಾಡಿಗೆಗೆ ಕೊಡಬಹುದೆಂಬುದನ್ನು ತೋರಿಸಿತು. ಚೆನ್ನೈ ಮೂಲದ ಜೋಹೋ 2005ರಲ್ಲಿ ರೈಟರ್ ಎಂಬ ಬರವಣಿಗೆಯ ಸಾಧನವನ್ನು ಅಂತರ್ಜಾಲದಲ್ಲಿ ಹೊರತಂದಿತು. 2007ರಲ್ಲಿ ಗೂಗಲ್ ವರ್ಷಕ್ಕೆ ತಲೆಗೆ 50 ಡಾಲರಿನಂತೆ ತನ್ನ ಕಚೇರಿಸಾಧನಗಳನ್ನು ಸಂಸ್ಥೆಗಳಿಗೆ ಕೊಡತೊಡಗಿತು. 2011ರ ಜೂನ್ ತಿಂಗಳಲ್ಲಿ ಮೈಕ್ರೋಸಾಫ್ಟ್ ಚಂದಾರೂಪದ ಆಫೀಸ್ 365ನ್ನು ಹೊರಡಿಸಿತು. ಭೋಗ್ಯಕ್ಕೆ ಪಡೆದ ಮನೆಯಿಂದ ತಿಂಗಳ ಬಾಡಿಗೆಯ ಮನೆಗೆ ಬಂದ ಸಂಸಾರದಂತೆ, ಒಮ್ಮೆಗೇ ದೊಡ್ಡ ಮೊತ್ತವನ್ನು ಹೂಡುವ ಭಾರ ತಪ್ಪಿತೆಂಬ ಸಮಾಧಾನದಲ್ಲಿ ಕಚೇರಿಗಳು ಈ ಏರ್ಪಾಟಿಗೆ ಸಂತೋಷದಿಂದಲೇ ಒಗ್ಗಿಕೊಂಡವು.

ನಮ್ಮ ನ್ಯಾಯಾಲಯಗಳೂ ತಂತ್ರಾಂಶವೆಂಬ ಈ ಪದಾರ್ಥದ ಸ್ವರೂಪವನ್ನು ಕುರಿತು ಬಹಳ ತಲೆಕೆಡಿಸಿಕೊಂಡವು. ಸಿದ್ಧ ತಂತ್ರಾಂಶವು ಸರಕೇ ಹೌದೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ವಿದೇಶೀ ತಂತ್ರಾಂಶಕ್ಕೆ ಕೊಟ್ಟ ಹಣ ಆದಾಯತೆರಿಗೆಯ ದೃಷ್ಟಿಯಲ್ಲಿ ರಾಯಧನವೆಂದು (ರಾಯಲ್ಟಿ) 2011ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ತೀರ್ಪಿತ್ತಿತು. ಆ ನಿಲುವನ್ನು 2021ರ ಮಾರ್ಚ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ತಾನು ಕೊಳ್ಳುತ್ತಿರುವುದು ಏನೆಂದು ಗುಮಾಸ್ತನಿಗೆ ಸಂದೇಹ ಬಂದರೆ ಆಶ್ಚರ್ಯವೇನು?

ಇನ್ನು ಚಂದಾಹಣದ ಮಾತು. ಅದರ ವೆಚ್ಚ ಹೆಚ್ಚಿತೆಂದೊಡನೆ ಸಂಸ್ಥೆಗಳು ದರದ ಚೌಕಾಶಿಗೆ ಹೊರಡುತ್ತವೆ. ಇಪ್ಪತ್ತು ಮೂವತ್ತು ಜನರ ಕಚೇರಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಹಣ ಸೋರುವುದು ದರದಲ್ಲಲ್ಲ, ಹಾಜರಿಪಟ್ಟಿಗೂ ಲೈಸೆನ್ಸಿನ ಪಟ್ಟಿಗೂ ನಡುವಣ ಅಂತರದಲ್ಲಿ. ಕೆಲಸ ಬಿಟ್ಟು ಹೋದವರ ಸಂಬಳವನ್ನು ಆ ತಿಂಗಳೇ ನಿಲ್ಲಿಸುವ ಕಚೇರಿ, ಅವರ ಹೆಸರಿನ ಚಂದಾವನ್ನು ವರ್ಷಗಟ್ಟಲೆ ತೆರುತ್ತಲೇ ಇರುತ್ತದೆ; ಏಕೆಂದರೆ ಸಂಬಳ ಕೊಡುವವರೊಬ್ಬರು, ಲೈಸೆನ್ಸ್ ಕೊಡುವವರೊಬ್ಬರು, ಬಿಲ್ಲು ಕಟ್ಟುವವರು ಇನ್ನೊಬ್ಬರು. ತಲೆಗೆ ತಿಂಗಳಿಗೆ ಹನ್ನೆರಡೂವರೆ ಡಾಲರಿನ ಲೈಸೆನ್ಸುಗಳು ಹತ್ತು ವ್ಯರ್ಥವಾದರೆ ವರ್ಷಕ್ಕೆ 1,500 ಡಾಲರ್ ಹೋದಂತೆ. ಹೋದವರ ಪತ್ರವ್ಯವಹಾರವನ್ನು ಉಳಿಸಿಕೊಳ್ಳಬೇಕೆಂಬುದೊಂದೇ ಕಾರಣವಾದಲ್ಲಿ, ಮೈಕ್ರೋಸಾಫ್ಟಿನಲ್ಲಿ 50 ಜಿಬಿಗೆ ಮೀರದ ಅಂಚೆಪೆಟ್ಟಿಗೆಯನ್ನು ಹಂಚಿಕೆಯ ಪೆಟ್ಟಿಗೆಯಾಗಿ ಮಾರ್ಪಡಿಸಿದರೆ ಅದಕ್ಕೆ ಲೈಸೆನ್ಸೇ ಬೇಕಾಗುವುದಿಲ್ಲ. ದಿನಕ್ಕೊಮ್ಮೆ ಇಮೇಲ್ ನೋಡುವ ಉಗ್ರಾಣದ ಮೇಲ್ವಿಚಾರಕರಿಗೆ, ಲೆಕ್ಕವಿಭಾಗದವರಿಗೆ ಕೊಟ್ಟ ದುಬಾರಿ ಯೋಜನೆಯನ್ನೇ ಕೊಡಬೇಕೆಂಬ ನಿಯಮವೂ ಎಲ್ಲಿಯೂ ಇಲ್ಲ.

ಒಂದು ಮುನ್ನೆಚ್ಚರಿಕೆ. 2022ರಲ್ಲಿ ಮೈಕ್ರೋಸಾಫ್ಟ್ ತಂದ ಹೊಸ ಮಾರಾಟಕ್ರಮದಲ್ಲಿ, ವರ್ಷದ ಕರಾರಿಗಿಂತ ತಿಂಗಳ ಕರಾರಿನ ದರ ನೂರಕ್ಕೆ 20ರಷ್ಟು ಹೆಚ್ಚು. ಆದ್ದರಿಂದ ಸ್ಥಿರವಾದ ನೌಕರರಿಗೆ ವರ್ಷದ್ದೂ, ಹಂಗಾಮಿ ನೌಕರರಿಗೆ ತಿಂಗಳದ್ದೂ ಎಂದು ವಿಂಗಡಿಸುವುದು ಯುಕ್ತ. ವರ್ಷದ ಕರಾರಿನಲ್ಲಿ ಲೈಸೆನ್ಸುಗಳನ್ನು ಯಾವ ದಿನ ಬೇಕಾದರೂ ಹೆಚ್ಚಿಸಿಕೊಳ್ಳಬಹುದು. ಇದ್ದವನ್ನು ಇಳಿಸಬೇಕಾದರೆ ನವೀಕರಣದ ವೇಳೆಯಲ್ಲಿ ಅಥವಾ ಅದರ ತರುವಾಯದ ಏಳು ದಿನಗಳೊಳಗೆ ಇಳಿಸಬೇಕು. ಆ ಏಳು ದಿನಗಳು ಕಳೆದ ಮೇಲೆ ಉಳಿದ ವರ್ಷದ ಹಣವನ್ನು ಪೂರ್ತಿಯಾಗಿ ತೆರಬೇಕಾಗುತ್ತದೆ.