ಮನ್ನಾರ್ ಕೊಲ್ಲಿಯ ಹವಳಗಳು ಮತ್ತು ಕರಾವಳಿಯ ಜನ

ನಿಸರ್ಗದ ಎಲ್ಲ ಬದಲಾವಣೆಗಳೂ ಒಂದೇ ಗತಿಯಲ್ಲಿ ನಡೆಯುವುದಿಲ್ಲ. ಬಿಲ್ಲನ್ನು ಬಾಗಿಸಿದರೆ ಬಾಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಮಿತಿ ಮೀರಿದರೆ ಮುರಿಯುತ್ತದೆ. ಮುರಿದ ಬಿಲ್ಲು ಮತ್ತೆ ಕೂಡದು. ವಾಯುಗುಣದ ವಿಷಯದಲ್ಲಿ ಇಂತಹ ಮಿತಿಯನ್ನು ನಿರ್ಣಾಯಕ ಘಟ್ಟವೆಂದು ಕರೆಯಬಹುದು. ಭೂಮಿಯ ಉಷ್ಣತೆ ಏರುತ್ತಿರುವುದರಿಂದ ಈ ಘಟ್ಟಕ್ಕೆ ಮೊದಲು ಬಂದು ನಿಂತಿರುವ ಜೀವವ್ಯವಸ್ಥೆಗಳಲ್ಲಿ ಬೆಚ್ಚನೆಯ ಸಮುದ್ರಗಳ ಹವಳದ ದಿಬ್ಬಗಳು ಮುಖ್ಯವಾದವು.

ಹವಳ ಬಿಳಿಚಿಕೊಳ್ಳುವ ಬಗೆ

ಹವಳವು ಪಾಲಿಪ್ ಎಂಬ ಸಣ್ಣ ಪ್ರಾಣಿಗಳ ಸಮೂಹ. ಅವುಗಳ ಅಂಗಾಂಶದಲ್ಲಿ ವಾಸಿಸುವ ಸೂಕ್ಷ್ಮ ಪಾಚಿಗಳು ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸಿ ಅದರ ಬಹುಭಾಗವನ್ನು ಹವಳಕ್ಕೆ ಒದಗಿಸುತ್ತವೆ. ನೀರಿನ ಉಷ್ಣತೆ ಬೇಸಿಗೆಯ ವಾಡಿಕೆಯ ಮಟ್ಟಕ್ಕಿಂತ ಕೇವಲ 1 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ ಕೆಲವು ವಾರ ಹಾಗೆಯೇ ಉಳಿದರೆ, ಹವಳವು ಈ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ತಾಪ ಬೇಗ ಇಳಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಸಾಯುತ್ತದೆ.

ಭೂಮಿಯ ಸರಾಸರಿ ಉಷ್ಣತೆ ಕೈಗಾರಿಕಾ ಯುಗಕ್ಕೆ ಮುಂಚಿನದಕ್ಕಿಂತ 1.5 ಡಿಗ್ರಿ ಹೆಚ್ಚಾದರೆ ಇಂತಹ ದಿಬ್ಬಗಳಲ್ಲಿ ಶೇಕಡಾ 70ರಿಂದ 90ರಷ್ಟು, 2 ಡಿಗ್ರಿ ಹೆಚ್ಚಾದರೆ ಶೇಕಡಾ 99ಕ್ಕೂ ಹೆಚ್ಚು ನಶಿಸುವುವೆಂದು ವಾಯುಗುಣ ಬದಲಾವಣೆಯ ಅಂತರ ಸರ್ಕಾರಿ ಮಂಡಳಿಯು 2018ರಲ್ಲಿ ಎಚ್ಚರಿಸಿತು.

ಕೊಲ್ಲಿಯ ಅನುಭವ

ತಮಿಳುನಾಡಿನ ತೂತ್ತುಕುಡಿಯಿಂದ ರಾಮೇಶ್ವರದವರೆಗಿನ ಮನ್ನಾರ್ ಕೊಲ್ಲಿಯಲ್ಲಿ 21 ದ್ವೀಪಗಳಿದ್ದವು. 1986ರಲ್ಲಿ ಇವುಗಳನ್ನೊಳಗೊಂಡ ಸಾಗರ ರಾಷ್ಟ್ರೀಯ ಉದ್ಯಾನವನ್ನು ಘೋಷಿಸಲಾಯಿತು. ಇಲ್ಲಿನ ಹವಳದ ದಿಬ್ಬಗಳು ಮೀನುಗಳಿಗೆ ಆಸರೆ, ದಡಕ್ಕೆ ಅಲೆಗಳಿಂದ ರಕ್ಷಣೆ. ಸುಣ್ಣಕ್ಕಾಗಿ ಹಲವು ದಶಕಗಳ ಕಾಲ ಹವಳವನ್ನು ಅಗೆದುದರಿಂದ ಎರಡು ದ್ವೀಪಗಳು ನೀರಿನಲ್ಲಿ ಮುಳುಗಿದವು. 2001ರಲ್ಲಿ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಗುದ್ದಲಿಯ ಹಾವಳಿ ತಗ್ಗಿತು, ಆದರೆ ತಾಪದ ಹಾವಳಿ ಹೆಚ್ಚಿತು. 2016ರ ಬೇಸಿಗೆಯ ತಾಪದಿಂದ ಜೀವಂತ ಹವಳದ ಹರವು ಶೇಕಡಾ ಸುಮಾರು 39ರಿಂದ 23ಕ್ಕೆ ಇಳಿಯಿತು.

ಜನರು ಮಾಡುತ್ತಿರುವುದೇನು?

ಸಮುದ್ರದ ಉಷ್ಣತೆಯನ್ನು ಇಳಿಸುವುದು ಕರಾವಳಿಯ ಗ್ರಾಮಗಳಿಂದ ಆಗುವ ಕೆಲಸವಲ್ಲ. ಆದರೆ ತಾಪದಿಂದ ಬಳಲಿದ ದಿಬ್ಬಕ್ಕೆ ಬೇರೆ ಪೆಟ್ಟು ಬೀಳದಂತೆ ನೋಡಿಕೊಳ್ಳುವುದು ಅವುಗಳ ಕೈಯಲ್ಲಿದೆ. ರಾಮೇಶ್ವರದ ಸುತ್ತಲಿನ ಮಹಿಳೆಯರು ನೀರಿನಲ್ಲಿ ಮುಳುಗಿ ಕಡಲಪಾಚಿಯನ್ನು ಸಂಗ್ರಹಿಸಿ ಸಂಸಾರ ನಡೆಸುತ್ತಾರೆ. ತಿಂಗಳಿಗೆ ಸುಮಾರು 12 ದಿನ ಮಾತ್ರ ಸಂಗ್ರಹಿಸುವುದು, ಲೋಹದ ಉಪಕರಣವನ್ನು ಬಳಸದೆ ಕೈಯಿಂದಲೇ ಕೀಳುವುದು ಎಂಬ ಕಟ್ಟುಪಾಡುಗಳನ್ನು ಅವರು ತಮಗೆ ತಾವೇ ವಿಧಿಸಿಕೊಂಡರು. ದುಡಿಯುವ ದಿನಗಳು ಕಡಿಮೆಯಾದರೆ ಗಳಿಕೆಯೂ ಕಡಿಮೆ. ಅದನ್ನು ತಿಳಿದೇ ಅವರು ಒಪ್ಪಿದರು. ಗ್ರಾಮಗಳಲ್ಲಿ ರಚಿಸಲಾದ ಪರಿಸರ ಅಭಿವೃದ್ಧಿ ಸಮಿತಿಗಳು ಪರ್ಯಾಯ ಉದ್ಯೋಗಗಳಿಗೆ ಸಣ್ಣ ಸಾಲಗಳನ್ನು ಒದಗಿಸಿದವು. ಹವಳದ ತುಣುಕುಗಳನ್ನು ನೆಟ್ಟು ಬೆಳೆಸುವ ಕಾರ್ಯವೂ ನಡೆದಿದೆ. ಕೊರೆತಕ್ಕೆ ಸಿಕ್ಕಿ ಕುಗ್ಗಿದ್ದ ವಾನ್ ದ್ವೀಪದ ಬಳಿ ಕಾಂಕ್ರೀಟಿನ ಕೃತಕ ದಿಬ್ಬಗಳನ್ನು ಇರಿಸಿ ಅಲೆಗಳ ಹೊಡೆತವನ್ನು ತಗ್ಗಿಸಲಾಗಿದೆ.

ಕಾಲಾವಕಾಶದ ಪ್ರಶ್ನೆ

ಈ ಪ್ರಯತ್ನಗಳಿಗೂ ಮಿತಿಯುಂಟು. ತೀವ್ರವಾಗಿ ಹಾನಿಗೊಂಡ ದಿಬ್ಬ ಚೇತರಿಸಿಕೊಳ್ಳಲು ಹತ್ತು ವರ್ಷಗಳಾದರೂ ಬೇಕಾಗಬಹುದು. ಆದರೆ ಭಾರತದ ಹವಳಗಳು 1998, 2010, 2016 ಮತ್ತು 2024ರಲ್ಲಿ ವ್ಯಾಪಕವಾಗಿ ಬಿಳಿಚಿಕೊಂಡಿವೆ. ತಾಪದ ವರ್ಷಗಳ ನಡುವಣ ಬಿಡುವು ಸಾಲದಾಗುತ್ತಿದೆ. ಪಾಚಿ ಸಂಗ್ರಹಿಸುವ ಮಹಿಳೆಯರ ಸಂಯಮವು ಹವಳಕ್ಕೆ ಕಾಲಾವಕಾಶವನ್ನು ಗಳಿಸಿಕೊಟ್ಟಿದೆ. ಆ ಅವಕಾಶ ವ್ಯರ್ಥವಾಗದಿರಬೇಕಾದರೆ ಕಲ್ಲಿದ್ದಲು, ತೈಲಗಳ ಹೊಗೆ ಜಗತ್ತಿನಾದ್ಯಂತ ತಗ್ಗಬೇಕು. ವಿದ್ಯುತ್ತನ್ನೂ ಇಂಧನವನ್ನೂ ಹೆಚ್ಚಾಗಿ ಬಳಸುವ ದೊಡ್ಡ ನಗರಗಳ ನಿವಾಸಿಗಳಿಗೂ ಈ ಹೊಣೆಯಲ್ಲಿ ಪಾಲಿದೆ.